ಹನ್ನೊಂದು ವರ್ಷದ ವಾವ್

ಅಲೆಕ್ಸಾಂಡ್ರಿಯಾದಲ್ಲಿ ಟ್ರಾಮು ಹೇಳಿದ ಹೊತ್ತಿಗೆ ಬರುತ್ತಿದ್ದ ಕಾಲ ಅದು. ಹೇಳಿದ ಹೊತ್ತಿಗೆ ಅಂದರೆ ಹತ್ತು ನಿಮಿಷ ಆಚೆ ಈಚೆ. ಈಗಿನವರಿಗೆ ಅದೂ ಕಟ್ಟುಕಥೆಯಂತೆ ಕೇಳಿಸುತ್ತದೆ. ನಮ್ಮ ನಿಂಬೆ ಗಲ್ಲಿಯ ಹೆಂಗಸರಂತೂ ಆಗ ಸಂಜೆ ಹೊತ್ತು ಗಡಿಯಾರವನ್ನೇ ನೋಡುತ್ತಿರಲಿಲ್ಲ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಶಫೀಕ್ ಎಫೆಂದಿಗಳು ಮೇಜು ಎಳೆದುಕೊಂಡ ಸದ್ದು ಕೇಳಿದರೆ, ಐದಾಯಿತು ಎಂದು ಚಹಾಕ್ಕೆ ನೀರಿಡುತ್ತಿದ್ದರು.

ಎಫೆಂದಿ ಎಂದರೆ ಕಚೇರಿಯವರಿಗೆ ನಮ್ಮಲ್ಲಿ ಕೊಡುವ 'ರಾಯರು' ಎಂಬ ಗೌರವ. ಇವರು ಟ್ರಾಮು ಕಚೇರಿಯಲ್ಲಿ ಕಳೆದುಹೋದ ಸಾಮಾನುಗಳ ಗುಮಾಸ್ತರು. ಜನ ಮರೆತು ಇಳಿದುಹೋದ ಕೊಡೆ, ಊರುಗೋಲು, ಒಂದೇ ಕಾಲಿನ ಚಪ್ಪಲಿ, ಒಮ್ಮೆ ಜೀವಂತ ಬಾತುಕೋಳಿ, ಇವುಗಳ ನಡುವೆ ಮಧ್ಯಾಹ್ನದವರೆಗೆ ಕುಳಿತು, ಮನೆಗೆ ಬಂದು ಉಂಡು, ಒಂದು ನಿದ್ದೆ ತೆಗೆದು, ಐದು ಹೊಡೆಯುತ್ತಲೇ ಜೊಂಡಿನ ಲೇಖನಿ ಹಿಡಿಯುತ್ತಿದ್ದರು. ಹಿಡಿದು 'ವಾವ್' ಬರೆಯುತ್ತಿದ್ದರು. ವಾವ್ ಎಂದರೆ ನಮ್ಮ ಅರಬ್ಬಿಯ ಇಪ್ಪತ್ತೆಂಟು ಅಕ್ಷರಗಳಲ್ಲಿ ಇಪ್ಪತ್ತೇಳನೆಯದು. ಕಡಲೆಕಾಳಿನಷ್ಟು ತಲೆ, ಅದರಿಂದ ಇಳಿದು ಎಡಕ್ಕೆ ಬಾಗುವ ಬಾಲ, ಅಷ್ಟೇ. ಆದರೆ ಬರೆಯಲು ಕೂತವರಿಗೆ ಗೊತ್ತು: ತಲೆ ಸ್ವಲ್ಪ ಉಬ್ಬಿದರೆ ಬಾಲ ಮುನಿಸಿಕೊಳ್ಳುತ್ತದೆ, ಬಾಲಕ್ಕೆ ಸಲುಗೆ ಕೊಟ್ಟರೆ ತಲೆ ಜೋತುಬೀಳುತ್ತದೆ.

ಕಲಿಸುವವರು ಉಸ್ತಾದ್ ಮುಖ್ತಾರ್. ಅಂಗಡಿಗಳಿಗೆ ಬೋರ್ಡು ಬರೆಯುವ ಮುದುಕರು. ಗುರುವಾರ ಮಧ್ಯಾಹ್ನ ಅವರ ಅಂಗಡಿಯಲ್ಲಿ ಪಾಠ. ಎಫೆಂದಿಗಳ ಜೊತೆ ಸೇರಿದವರೆಲ್ಲ ಮೂರು ವರ್ಷದಲ್ಲಿ ಎಲ್ಲ ಅಕ್ಷರ ಮುಗಿಸಿ, ಬರಹದ ಕೆಳಗೆ ತಮ್ಮ ಹೆಸರು ಹಾಕಿಕೊಳ್ಳುವ ಅಪ್ಪಣೆಪತ್ರ ಪಡೆದು, ಊರಿನ ಔಷಧಿ ಅಂಗಡಿ, ಕ್ಷೌರದಂಗಡಿಗಳ ಮೇಲೆಲ್ಲ ಮಿಂಚುತ್ತಿದ್ದರು. ಎಫೆಂದಿಗಳು ಎರಡೇ ವರ್ಷದಲ್ಲಿ ಇಪ್ಪತ್ತಾರು ಅಕ್ಷರ ದಾಟಿ ವಾವ್‌ಗೆ ಬಂದರು. ಬಂದವರು ಅಲ್ಲೇ ಬೀಡುಬಿಟ್ಟು ಹನ್ನೊಂದು ವರ್ಷವಾಗಿತ್ತು. ಪ್ರತಿ ಗುರುವಾರ ಉಸ್ತಾದರು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು, ಕೆಂಪು ಮಸಿಯಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆಯಿಟ್ಟು, "ಇನ್ನೊಂದ್ಸಲ" ಎನ್ನುತ್ತಿದ್ದರು. ಆ ಮಾತಿಗೆ ಬೇರೆ ಶಿಷ್ಯರ ಮುಖ ಬಾಡುತ್ತಿತ್ತು. ಎಫೆಂದಿಗಳಿಗೆ ಮಾತ್ರ ಹಬ್ಬ. ಇನ್ನೂ ಒಂದು ವಾರ ವಾವ್ ತಮ್ಮದು ಎಂಬ ಸಂತೋಷದಲ್ಲಿ ಅವರು ಟ್ರಾಮಿನಲ್ಲಿ ನಿಂತೇ ಮನೆಗೆ ಬರುತ್ತಿದ್ದರು, ಸೀಟು ಖಾಲಿಯಿದ್ದರೂ.

ಬರೆಯುವುದು ಕಚೇರಿಯ ರದ್ದಾದ ಟ್ರಾಮು ವೇಳಾಪಟ್ಟಿಗಳ ಹಿಂಬದಿಯಲ್ಲಿ. ಒಂದು ವಾವ್ ಬರೆದು, ಪಕ್ಕದಲ್ಲಿ ಇನ್ನೊಂದು, ಸಂದಿಯಲ್ಲಿ ಮತ್ತೊಂದು, ಆಮೇಲೆ ಬರೆದದ್ದರ ಮೇಲೇ ಇನ್ನಷ್ಟು. ಬಿಳಿಯೇ ಕಾಣದಂತಾದ ಮೇಲೆ ಮುಂದಿನ ಹಾಳೆ. ಅಭ್ಯಾಸದ ಹಾಳೆ ಎಂದರೆ ನಮ್ಮಲ್ಲಿ ಹಾಗೆಯೇ, ಅದು ಕಪ್ಪಾಗಬೇಕು.

ಇಷ್ಟು ಸುಖವಾಗಿದ್ದ ಮನುಷ್ಯನಿಗೆ ಕಂಟಕ ಬಂದದ್ದು ಒಂದು ಶುಕ್ರವಾರದ ಊಟದಲ್ಲಿ. ಹೆಂಡತಿ ಇಂತಿಸಾರಳ ತಮ್ಮ ಬಯೂಮಿ ಬಂದಿದ್ದ. ಬಂದರಿನ ಕಚೇರಿಯೊಂದರಲ್ಲಿ ಅವನಿಗೆ ಕೆಲಸ. ಏನು ಕೆಲಸ ಎಂದು ಯಾರಿಗೂ ಗೊತ್ತಿಲ್ಲ, ಆದರೆ ಮಾತು ಮಾತ್ರ ಹಡಗಿನ ಕಪ್ತಾನನದು.

"ಭಾವ, ಬೇಜಾರು ಮಾಡ್ಕೋಬೇಡಿ, ಕೇಳ್ತೀನಿ," ಎಂದ, ಎರಡನೇ ಸಲ ಮೊಲಕ್ಕೆ ಕೈಹಾಕುತ್ತ. "ಹನ್ನೊಂದು ವರ್ಷ, ಒಂದೇ ಅಕ್ಷರ. ಇದರಿಂದ ಬಂದದ್ದಾದರೂ ಏನು?"

"ಬಾಲ ಸ್ವಲ್ಪ ಸುಧಾರಿಸಿದೆ," ಎಂದರು ಎಫೆಂದಿಗಳು.

"ಅದಲ್ಲ ಭಾವ. ಕೈಗೆ ಏನು ಹತ್ತಿತು ಅಂತ. ನಮ್ಮ ಗಲ್ಲಿಯ ಕತ್ತೆ ಹನ್ನೊಂದು ವರ್ಷ ನಡೆದಿದ್ದರೆ ಇಷ್ಟೊತ್ತಿಗೆ ಬಗ್ದಾದು ಮುಟ್ಟಿರೋದು."

ಅತ್ತೆಯವರು ಸೆರಗಿನಲ್ಲಿ ನಕ್ಕರು. ಎಂಟು ವರ್ಷದ ಮಗಳು ಸಮೀಹಾ ಸೆರಗಿಲ್ಲದೆಯೇ ನಕ್ಕಳು. ಎಫೆಂದಿಗಳಿಗೆ ಕಿವಿ ಬಿಸಿಯಾಯಿತು. ಸುಮ್ಮನೆ 'ಖುಷಿಗೆ ಬರೀತೀನಿ' ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಐವತ್ತರ ಹತ್ತಿರದ ಗಂಡಸು ಅತ್ತೆಯ ಎದುರು ಹಾಗೆಲ್ಲ ಹೇಳಲಾದೀತೆ? ಚಮಚ ಕೆಳಗಿಟ್ಟು, ಕಿಟಕಿಯಾಚೆ ನೋಡುತ್ತ, ಗಂಭೀರವಾಗಿ ನುಡಿದರು:

"ಬರಬೇಕಾದ್ದು ಬರ್ತಾ ಇದೆ, ಬಯೂಮಿ. ಎಲ್ಲಾನೂ ಬಾಯಿಬಿಟ್ಟು ಹೇಳೋಕಾಗಲ್ಲ."

ಬಯೂಮಿ ಮೊಲದ ಕಾಲನ್ನು ವಾಪಸು ತಟ್ಟೆಗಿಟ್ಟ. ಅವನ ಜನ್ಮದಲ್ಲೇ ಅದು ಮೊದಲು.

ಇತ್ತ ಇಂತಿಸಾರ್‌ಗೆ ಕಪ್ಪು ಹಾಳೆಗಳ ರಾಶಿ ತಲೆನೋವಾಗಿತ್ತು. ತಿಂಗಳಿಗೊಮ್ಮೆ ಅವನ್ನು ಹಗ್ಗದ ಬುಟ್ಟಿಯಲ್ಲಿ ಬಾಲ್ಕನಿಯಿಂದ ಇಳಿಬಿಡುತ್ತಿದ್ದಳು. ಕೆಳಗೆ ಹುರಿದ ಬೀಜ ಮಾರುವ ಜಗ್ಲೂಲ್ ಚಾಚಾ ಅವನ್ನು ಪೊಟ್ಟಣಕ್ಕೆ ಇಟ್ಟುಕೊಂಡು ಬುಟ್ಟಿಗೆ ಒಂದಿಷ್ಟು ಕಲ್ಲಂಗಡಿ ಬೀಜ ಹಾಕುತ್ತಿದ್ದ. ವರ್ಷಗಳಿಂದ ನಡೆದುಬಂದ ವ್ಯವಹಾರ. ಇಡೀ ಗಲ್ಲಿ ಎಫೆಂದಿಗಳ ವಾವ್‌ನಲ್ಲಿ ಸುತ್ತಿದ ಬೀಜ ತಿಂದು ಸಿಪ್ಪೆ ಉಗುಳಿದೆ, ಯಾರಿಗೂ ಏನೂ ಆಗಿರಲಿಲ್ಲ.

ಆ ಶುಕ್ರವಾರದ ಮಾರನೆಯ ದಿನ ಆಯಿತು. ಎದುರು ಮನೆಯ ಉಮ್ಮು ರವ್ಹಿಯಾ, ಅಂದರೆ ರವ್ಹಿಯಾಳ ತಾಯಿ, ಒಂದು ಪೊಟ್ಟಣ ಬೀಜ ಕೊಂಡಳು. ಆ ರವ್ಹಿಯಾಳನ್ನು ನೋಡಲು ಬಂದವರೆಲ್ಲ ಶರಬತ್ತು ಕುಡಿದು ಹೋದವರೇ ಹೊರತು ತಿರುಗಿ ಬಂದವರಿಲ್ಲ. ಅಂದು ಸಂಜೆ, ಬೀಜ ಇನ್ನೂ ಅರ್ಧ ಉಳಿದಿರುವಾಗ, ಒಬ್ಬ ದರ್ಜಿ ತಾಯಿಯೊಂದಿಗೆ ಬಂದು ಹೆಣ್ಣು ಕೇಳಿ, ಶರಬತ್ತು ಕುಡಿದ ಮೇಲೂ ಎದ್ದುಹೋಗದೆ ಕೂತ. ಉಮ್ಮು ರವ್ಹಿಯಾ ಪೊಟ್ಟಣ ಬಿಡಿಸಿ ನೋಡಿದಳು. ಕಪ್ಪು ಕಪ್ಪು ಬರಹ. ಒಂದೇ ಅಕ್ಷರ, ನೂರು ಸಲ. ಅರ್ಥವಾಗದ ಬರಹ ಬೇರೆ ಯಾಕಿರುತ್ತದೆ? ತಾಯತವೇ ಸರಿ.

ಕಾಫಿ ಅಂಗಡಿಯಲ್ಲಿ ಹಾಳೆಯನ್ನು ಪರೀಕ್ಷಿಸಿದವನು ಬಯೂಮಿ. ತಿರುಗಿಸಿ ನೋಡಿದ. "ದರ್ಜಿ ಬಂದದ್ದು ಎಷ್ಟು ಹೊತ್ತಿಗೆ?"

"ನಾಲ್ಕೂವರೆ ಇರಬೇಕು."

"ನೋಡಿ!" ಬಯೂಮಿ ಹಿಂಬದಿಯ ವೇಳಾಪಟ್ಟಿಗೆ ಬೆರಳಿಟ್ಟ. "ನಾಲ್ಕು ಮೂವತ್ತೈದು! ಇಲ್ಲೇ ಅಚ್ಚಾಗಿದೆ!" ಆಮೇಲೆ ದನಿ ತಗ್ಗಿಸಿ, "ಭಾವ ಮೊನ್ನೆ ನನಗೊಬ್ಬನಿಗೇ ಗುಟ್ಟು ಹೇಳಿದ್ರು. ನಾನು ಬಾಯಿಬಿಡಲ್ಲ" ಎಂದು, ಎಲ್ಲರಿಗೂ ಹೇಳಿದ.

ಹಾಳೆಯಲ್ಲಿ ಆರು ಇಪ್ಪತ್ತೈದೂ ಇತ್ತು, ಒಂಬತ್ತು ಹತ್ತೂ ಇತ್ತು. ಅದನ್ನು ಯಾರೂ ಕೇಳಲಿಲ್ಲ.

ವಾರದೊಳಗೆ ಜಗ್ಲೂಲ್ ಚಾಚಾನ ಗಾಡಿಯ ಮುಂದೆ ಟ್ರಾಮು ನಿಲ್ದಾಣದವರೆಗೆ ಸಾಲು. ಪೊಟ್ಟಣಕ್ಕೆಂದು ಅವನು ವರ್ಷಗಳಿಂದ ಕೂಡಿಟ್ಟಿದ್ದ ಹಳೆ ಹಾಳೆಗಳ ಕಟ್ಟುಗಳೂ ಬಿಚ್ಚಿಕೊಂಡವು. ಜನ ಪೊಟ್ಟಣ ಕೊಂಡು, ಬೀಜವನ್ನು ಅಲ್ಲೇ ಸುರಿದು, ಕಾಗದವನ್ನು ಎದೆಗೊತ್ತಿಕೊಂಡು ಹೋಗುತ್ತಿದ್ದರು. ಗಲ್ಲಿಯ ಕೋಳಿಗಳು ಕೊಬ್ಬಿ ನಡೆಯಲಾರದೆ ಕೂತುಬಿಟ್ಟವು. ಮೂರನೇ ಮಹಡಿಯ ಮೆಟ್ಟಿಲ ತುಂಬ ಚಪ್ಪಲಿ. ಎಫೆಂದಿಗಳಿಗೆ ಕಚೇರಿಯ ಕಪಾಟೇ ಮನೆಗೆ ಬಂದಂತಾಯಿತು.

"ಅಯ್ಯಾ, ಇದು ಅಭ್ಯಾಸ. ಬರೀ ಅಭ್ಯಾಸ! ನನಗೆ ಬರವಣಿಗೆ ಇನ್ನೂ ಬಂದೇ ಇಲ್ಲ," ಎಂದು ಅವರು ಅಂಗಲಾಚಿದರು.

"ಎಂಥಾ ವಿನಯ!" ಎಂದಳು ಉಮ್ಮು ರವ್ಹಿಯಾ, ಕಣ್ಣೊರೆಸಿಕೊಂಡು. "ನಿಜವಾದ ದೊಡ್ಡವರು ಹೀಗೇ ಅನ್ನೋದು. ಸುಳ್ಳು ಮಂತ್ರವಾದಿ ಆಗಿದ್ರೆ ಬರುತ್ತೆ ಅಂತಿದ್ದ."

ಒಂದು ದಿನ ಸೋಫಾದ ಈ ತುದಿಯಲ್ಲಿ ನಮ್ಮ ಕಟ್ಟಡದ ಮಾಲೀಕ, ಆ ತುದಿಯಲ್ಲಿ ಅವನು ಖಾಲಿ ಮಾಡಿಸಲು ಮೊಕದ್ದಮೆ ಹೂಡಿದ್ದ ಬಾಡಿಗೆದಾರ. ಇಬ್ಬರಿಗೂ ಕೇಸು ಗೆಲ್ಲುವ ವಾವ್ ಬೇಕು.

"ನನ್ನದು ಸ್ವಲ್ಪ ದಪ್ಪವಾಗಿರಲಿ ಎಫೆಂದಿ," ಎಂದ ಮಾಲೀಕ. "ಕಟ್ಟಡ ನಂದು."

"ನನ್ನ ಬಾಲ ಉದ್ದವಿರಲಿ," ಎಂದ ಬಾಡಿಗೆದಾರ. "ಬೇರುಬಿಟ್ಟಿರೋನು ನಾನು."

ಇಂತಿಸಾರ್ ಇಬ್ಬರಿಗೂ ಚಹಾ ಕೊಟ್ಟಳು. ಕುಡಿಯುವಾಗ ಅವರು ಪರಸ್ಪರ ಸಕ್ಕರೆ ದಾಟಿಸಿಕೊಂಡರು. ಆ ಕಾಲದ ಜಗಳಗಳಲ್ಲೂ ಅಷ್ಟು ಮರ್ಯಾದೆ ಇತ್ತು.

ಆಮೇಲೆ ಪೊಲೀಸು ಬಂತು. ತಾಯತ ಬರೆದು ಜನರನ್ನು ಮರುಳು ಮಾಡುತ್ತಿದ್ದಾರೆಂದು ಯಾರೋ ದೂರು ಕೊಟ್ಟಿದ್ದರು. ಬಂದ ಅಧಿಕಾರಿ ಅಜಗರದಂಥ ಮೀಸೆಯವನು; ಕೂತು ಪುಸ್ತಕ ತೆಗೆದ.

"ಏನು ನಡೀತಾ ಇದೆ ಇಲ್ಲಿ?"

"ಅಭ್ಯಾಸ, ಸಾಹೇಬರೇ."

"ಯಾತರದು?"

"ವಾವ್‌ದು."

"ಎಷ್ಟು ಕಾಲದಿಂದ?"

"ಹನ್ನೊಂದು ವರ್ಷ."

ಅಧಿಕಾರಿಯ ಪೆನ್ಸಿಲು ನಿಂತಿತು. "ಮುಗಿಯೋದು ಯಾವಾಗ?"

"ಮುಗಿಯಬಾರದು ಅಂತಲೇ ಆಸೆ, ಸಾಹೇಬರೇ."

"ಅದರಿಂದ ನಿಮಗೆ ಲಾಭ?"

"ಏನೂ ಇಲ್ಲ."

ಅಧಿಕಾರಿ ಎಲ್ಲವನ್ನೂ ಬರೆದುಕೊಂಡು ಒಮ್ಮೆ ಓದಿದ. ಪೊಲೀಸು ದಫ್ತರಿನಲ್ಲಿ ಇಷ್ಟು ಸತ್ಯ ಒಂದೇ ಪುಟದಲ್ಲಿ ಬಂದದ್ದಿಲ್ಲವಾದ್ದರಿಂದ, ಅವನಿಗೆ ಭಾರಿ ಅನುಮಾನ ಬಂತು. ಜೊತೆಗೆ ಬಂದ ಪೇದೆಯನ್ನು ಮೆಟ್ಟಿಲಿಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಟೋಪಿ ತೆಗೆದ.

"ಎಫೆಂದಿ, ನನ್ನನ್ನು ಸೀವಾಕ್ಕೆ ಎತ್ತಿಹಾಕ್ತಾ ಇದ್ದಾರೆ. ಬರೀ ಮರಳು, ಖರ್ಜೂರ. ನನ್ನ ಹೆಂಡತಿಗೆ ಸಮುದ್ರ ಕಾಣದಿದ್ರೆ ಉಸಿರು ಕಟ್ಟುತ್ತೆ. ಒಂದು ಚಿಕ್ಕದು ಬರೆದುಕೊಡಿ. ಯಾರಿಗೂ ಹೇಳಲ್ಲ."

ಎಫೆಂದಿಗಳು ಬರೆದುಕೊಟ್ಟರು. ಬೇಡವೆನ್ನುವ ಗಟ್ಟಿತನ ಅವರಲ್ಲಿ ಇರಲಿಲ್ಲ. ಬೇಡ ಎಂದಾಗಲೆಲ್ಲ ಭಕ್ತಿ ಇಮ್ಮಡಿಯಾಗುತ್ತಿದ್ದುದರಿಂದ ಬೇಡವೆನ್ನುವ ಧೈರ್ಯವೂ ಉಳಿದಿರಲಿಲ್ಲ.

ಇಷ್ಟಾದರೂ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ನಡೆದದ್ದು ಐದು ಗಂಟೆಗೆ. ಮೇಜು ಎಳೆದುಕೊಂಡು, ಲೇಖನಿ ಅದ್ದಿ, ಹಾಳೆಗೆ ಮುಟ್ಟಿಸಿದರೆ, ಇದು ಯಾರ ವಾವ್ ಎಂಬ ಯೋಚನೆ. ದಪ್ಪದ್ದು ಮಾಲೀಕನಿಗೆ, ಉದ್ದದ್ದು ಬಾಡಿಗೆದಾರನಿಗೆ, ಬಡಕಲಾದರೆ ಉಮ್ಮು ರವ್ಹಿಯಾಳ ಅಳಿಯನಿಗೆ ಏನಾದರೂ ಆಗಿಬಿಟ್ಟರೆ? ಕೈ ನಡುಗಿತು. ಹನ್ನೊಂದು ವರ್ಷ ಅವರ ಬಾಲ್ಕನಿಗೆ ತಂತಾನೇ ಬಂದು ಹೋಗುತ್ತಿದ್ದ ಒಂದು ಗಂಟೆ ಈಗ ಮುಗಿಯುವುದೇ ಇಲ್ಲ. ಮೊದಲು ಕೆಟ್ಟ ವಾವ್ ಬಂದರೂ ಖುಷಿಯಿತ್ತು, ಯಾಕೆಂದರೆ ಅದರ ಮುಂದೆ ಇನ್ನೊಂದು ಇತ್ತು. ಈಗ ಒಳ್ಳೆಯದು ಬಂದರೂ ಭಯ.

ಗುರುವಾರ ಹಾಳೆ ಹಿಡಿದು ಹೋದರು. ಉಸ್ತಾದರು ನೋಡಿದರು. ಕೆಂಪು ಮಸಿಗೆ ಕೈಹಾಕಲಿಲ್ಲ.

"ಇದು ಯಾರಿಗೆ ಬರೆದದ್ದು?"

"ಯಾರಿಗೂ ಇಲ್ಲ, ಉಸ್ತಾದರೇ."

"ಸುಳ್ಳು ಹೇಳ್ಬೇಡ. ಒಂದೊಂದೂ ಯಾರದೋ ಬಾಗಿಲಲ್ಲಿ ಕೈಕಟ್ಟಿ ನಿಂತಿದೆ. ಹೋಗು. ಯಾರಿಗೂ ಅಲ್ಲದ್ದು ಬರೆದಾಗ ಬಾ."

'ಇನ್ನೊಂದ್ಸಲ' ಎನ್ನಲಿಲ್ಲ. ವಾವ್‌ನ ಹನ್ನೊಂದು ವರ್ಷದಲ್ಲಿ ಮೊದಲ ಸಲ ಅನ್ನಲಿಲ್ಲ. ಎಫೆಂದಿಗಳು ಟ್ರಾಮಿನಲ್ಲಿ ಕೂತುಕೊಂಡೇ ಮನೆಗೆ ಬಂದರು, ದಾರಿಯುದ್ದಕ್ಕೂ ಕಣ್ಣು ಒದ್ದೆ. ಇಳಿಯುವಾಗ ಕೊಡೆ ಮರೆತರು. ಮಾರನೆಯ ದಿನ ಅದು ಅವರ ಮೇಜಿಗೇ ಬಂತು.

ಅವರನ್ನು ಕಾಪಾಡಿದ್ದು ಫುಟ್‌ಬಾಲು.

ನಿಂಬೆ ಗಲ್ಲಿಗೂ ರೈಲ್ವೆ ಕೇರಿಗೂ ವರ್ಷಕ್ಕೊಂದು ಪಂದ್ಯ. ಸೋತವರು ಇಡೀ ವರ್ಷ ಕಾಫಿ ಅಂಗಡಿಯಲ್ಲಿ ತಲೆತಗ್ಗಿಸಿ ಕೂರಬೇಕು. ಆ ವರ್ಷ ನಮ್ಮವರು ಅಭ್ಯಾಸವನ್ನೇ ಮಾಡಲಿಲ್ಲ. ಯಾಕೆ ಮಾಡಬೇಕು? ಗೋಲು ಕಾಯುವ ಹಂತೂರ್ ಇದ್ದಾನಲ್ಲ, ಕಸಾಯಿ ಅಂಗಡಿಯವನು, ಅವನ ಟೋಪಿಯೊಳಗೆ ಎಫೆಂದಿಗಳ ಕೈಯಿಂದಲೇ ಬರೆಸಿದ ಅಂಗೈಯಗಲದ ವಾವ್ ಹೊಲಿಸಿಯಾಗಿತ್ತು. ಹೊಲಿದವನು ರವ್ಹಿಯಾಳ ದರ್ಜಿಯೇ. ಬಯೂಮಿ ಮೈದಾನದ ಸುತ್ತ ಓಡಾಡುತ್ತ, "ನಮ್ಮ ಭಾವ, ನಮ್ಮ ಭಾವ" ಎಂದು ಎಫೆಂದಿಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದ.

ಮೊದಲ ಗೋಲು ಬಂದಾಗ ಹಂತೂರ್ ಟೋಪಿ ಸರಿಮಾಡಿಕೊಳ್ಳುತ್ತಿದ್ದ. ಎರಡನೆಯದಕ್ಕೆ ಅವನು ಚೆಂಡನ್ನು ನೋಡಿ ನಕ್ಕ, ತಾನಾಗಿ ನಿಂತೀತು ಎಂದು. ಮೂರನೆಯದಕ್ಕೆ ಟೋಪಿಯನ್ನು ತಿರುಗಿಸಿ ಹಾಕಿಕೊಂಡ. ಏಳನೆಯದಕ್ಕೆ ಟೋಪಿ ತೆಗೆದು ಎಫೆಂದಿಗಳ ಮುಖಕ್ಕೆ ಎಸೆದ.

"ಇಂಥಾ ವಾವ್ ಬರೆಯೋಕೆ ಹನ್ನೊಂದು ವರ್ಷ ಬೇಕಿತ್ತಾ?" ಎಂದು ಕೂಗಿದ. "ನನ್ನ ಕುರಿ ಕಾಲಲ್ಲಿ ಬರೀತಿತ್ತು!"

"ನಾನು ಅವತ್ತೇ ಹೇಳಿದ್ನಲ್ಲ," ಎಂದು ಜನರ ಕಡೆ ತಿರುಗಿದ ಬಯೂಮಿ. "ಹನ್ನೊಂದು ವರ್ಷ ಒಂದೇ ಅಕ್ಷರ ಅಂದ್ರೆ ಏನೋ ಕೊರತೆ ಇರಲೇಬೇಕು ಅಂತ."

ಮೈದಾನದಿಂದ ಗಲ್ಲಿಯವರೆಗೆ ಬೈಗುಳದ ಮೆರವಣಿಗೆ. ಮನೆಗೆ ಬಂದು ಎಫೆಂದಿಗಳು ಬಾಲ್ಕನಿಯಲ್ಲಿ ಕೂತರೆ, ಕೆಳಗಿನಿಂದ, ಎದುರಿನಿಂದ, ಎಲ್ಲೆಲ್ಲಿಂದಲೋ ಹಾಳೆಗಳು ಬಂದು ಬೀಳತೊಡಗಿದವು. ದಿಂಬಿನ ಕೆಳಗಿಟ್ಟಿದ್ದ, ಅಂಗಿಯ ಒಳಗಿಟ್ಟಿದ್ದ, ಹಸುಗೂಸಿನ ತೊಟ್ಟಿಲಿಗೆ ಕಟ್ಟಿದ್ದ ಹಾಳೆಗಳು. ಮಾಲೀಕನೂ ಬಾಡಿಗೆದಾರನೂ ಒಟ್ಟಿಗೇ ಮೆಟ್ಟಿಲು ಹತ್ತಿ ಬಂದು ತಮ್ಮತಮ್ಮದನ್ನು ಮೇಜಿನ ಮೇಲೆ ಕುಕ್ಕಿ, ಒಟ್ಟಿಗೇ ಇಳಿದುಹೋದರು. ವರ್ಗವಾಗಿ ಹೊರಟಿದ್ದ ಪೊಲೀಸು ಅಧಿಕಾರಿ ಪೆಟ್ಟಿಗೆ ಹೊರಿಸಿಕೊಂಡು ಗಲ್ಲಿ ದಾಟುವಾಗ ಮೇಲೆ ನೋಡಿ, ಸಲಾಮನ್ನೂ ಮಾಡದೆ ಸೀವಾಕ್ಕೆ ಹೋದ. ಉಮ್ಮು ರವ್ಹಿಯಾ ಮಾತ್ರ ಮರ್ಯಾದೆಯಿಂದ ಮಡಿಸಿ ತಂದಳು.

"ಮದುವೆ ಗೊತ್ತಾಯ್ತಲ್ಲ ಎಫೆಂದಿ, ಇನ್ನಿದು ಬೇಡ," ಎಂದಳು. "ಇನ್ನೊಬ್ಬ ಗಂಡು ಬಂದುಬಿಟ್ಟರೆ ಕಷ್ಟ."

ಅಂಥ ಅವಮಾನದ ಸಂಜೆ ಎಫೆಂದಿಗಳು ಅಳುತ್ತಿರಬೇಕೆಂದು ಇಂತಿಸಾರ್ ನಿಂಬೆ ಶರಬತ್ತು ಹಿಡಿದು ಬಂದರೆ, ಮನುಷ್ಯ ನೆಲದ ಮೇಲೆ ಹಾಳೆ ಹರವಿಕೊಂಡು ಕೂತಿದ್ದರು. ಮಗು ಈದಿನ ಬಟ್ಟೆ ನೋಡುವ ಹಾಗೆ ನೋಡುತ್ತಿದ್ದರು. ಇಷ್ಟು ವರ್ಷ ಬರೆದದ್ದನ್ನು ಅವರು ಒಮ್ಮೆಯೂ ಒಟ್ಟಿಗೆ ನೋಡಿರಲಿಲ್ಲ. ಅವಳೂ ಕೂತಳು.

"ಇದು ಸಮೀಹಾಗೆ ದಡಾರ ಬಂದ ವಾರ," ಎಂದಳು ಒಂದನ್ನೆತ್ತಿ. "ನೋಡಿ, ಔಷಧಿ ಚೆಲ್ಲಿದ ಕಲೆ."

"ಹೂಂ. ಬಾಲವೆಲ್ಲ ಮೇಲಕ್ಕೆ ಹೋಗಿದೆ."

"ಇದು ನಿಮ್ಮ ತಂದೆ ತೀರಿಕೊಂಡ ಮೇಲಿನದು. ಅವತ್ತೂ ಕೂತಿರಿ. ನನಗೆ ಸಿಟ್ಟು ಬಂದಿತ್ತು."

ಎಫೆಂದಿಗಳು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಅಂದು ಏನು ಮಾಡಬೇಕೆಂದು ತಿಳಿಯದೆ ಕೂತದ್ದು ನೆನಪಿತ್ತು. ವಾವ್ ಬರೆಯುತ್ತಿರುವಷ್ಟು ಹೊತ್ತು ಅಪ್ಪ ಪಕ್ಕದ ಕೋಣೆಯಲ್ಲಿ ಕೆಮ್ಮುತ್ತಿದ್ದಂತೆಯೇ ಇತ್ತು. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಈಗ ಹೇಳಿದರು. ಇಂತಿಸಾರ್ ಶರಬತ್ತನ್ನು ತಾನೇ ಕುಡಿದುಬಿಟ್ಟಳು.

ಅಷ್ಟರಲ್ಲಿ ಮೆಟ್ಟಿಲಲ್ಲಿ ಕೋಲಿನ ಸದ್ದು. ಉಸ್ತಾದ್ ಮುಖ್ತಾರ್! ಏಳು ಗೋಲಿನ ಸುದ್ದಿ ಊರೆಲ್ಲ ಹಬ್ಬಿ, ಶಿಷ್ಯನ ಸ್ಥಿತಿ ನೋಡಲು ಬಂದಿದ್ದರು. ಹಾಳೆಗಳ ನಡುವೆ ಚಕ್ಕಂಬಕ್ಕಳ ಹಾಕಿ, ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದರು. ಬಾಗಿಲಲ್ಲಿ ಬಯೂಮಿ ಇಣುಕುತ್ತಿದ್ದ, ಭಾವ ಉಗಿಸಿಕೊಳ್ಳುವುದಿದ್ದರೆ ನೋಡೋಣವೆಂದು.

ಅರ್ಧ ಮಾತ್ರ ತುಂಬಿದ ಒಂದು ಹಾಳೆ ಬಂದಾಗ ಉಸ್ತಾದರ ಕೈ ನಿಂತಿತು. ಬೆಳಕಿಗೆ ಹಿಡಿದರು. "ಇದು ಯಾವತ್ತಿಂದು?"

ಎಫೆಂದಿಗಳಿಗೆ ನೆನಪಿಲ್ಲ. ಇಂತಿಸಾರ್ ಬಗ್ಗಿ ನೋಡಿದಳು. "ಅವತ್ತು ಏನೂ ಆಗಿರಲಿಲ್ಲ ಉಸ್ತಾದರೇ. ಬೆಂಡೆಕಾಯಿ ಸೀದುಹೋಗಿತ್ತು, ಇವರನ್ನ ಕೂಗಿದೆ, ಅರ್ಧಕ್ಕೆ ಎದ್ದು ಬಂದ್ರು, ಅಷ್ಟೇ."

"ಮೂರನೇ ಸಾಲು, ಐದನೇದು," ಎಂದರು ಉಸ್ತಾದರು. "ಇದು ಸರಿಯಾಗಿದೆ."

ಉಸ್ತಾದರು ಹಾಳೆಯನ್ನು ಶಿಷ್ಯನ ಕೈಗಿಟ್ಟರು.

"ಬರೋ ಗುರುವಾರ ಈ ಹಾಳೆ ತಗೊಂಡು ಬಾ. ಕೆಳಗೆ ನನ್ನ ಗುರುತು ಹಾಕ್ತೀನಿ. ವಾವ್ ಮುಗೀತು. ಉಳಿದದ್ದು ಒಂದೇ ಅಕ್ಷರ, ಅದನ್ನ ನೀನು ಎರಡು ತಿಂಗಳಲ್ಲಿ ಮುಗಿಸ್ತೀಯ. ಆಮೇಲೆ ಅಪ್ಪಣೆಪತ್ರ. ಗುರುವಾರ ಇಷ್ಟು ದೂರ ಬರೋ ಕಷ್ಟವೂ ನಿನಗೆ ತಪ್ಪುತ್ತೆ."

ಬಯೂಮಿ ಒಳಗೆ ನುಗ್ಗಿ ಭಾವನನ್ನು ತಬ್ಬಿಕೊಂಡ. "ನಾನು ಅವತ್ತೇ ಹೇಳಿದ್ದೆ! ಒಂದು ಅಂಗಡಿ ಹಾಕೋಣ ಭಾವ. ಬೋರ್ಡು ನೀವು ಬರೀರಿ, ಮಾತು ನಾನಾಡ್ತೀನಿ." ಇಂತಿಸಾರ್ ಬಾಲ್ಕನಿಗೆ ಓಡಿ ನಾಲಿಗೆ ಹೊರಳಿಸಿ ಸಂಭ್ರಮದ ಕೂಗು ಹಾಕಿದಳು. ಗಂಟೆಯ ಹಿಂದೆ ಬೈದ ಗಲ್ಲಿಯೇ ಕೆಳಗೆ ನಿಂತು ಚಪ್ಪಾಳೆ ತಟ್ಟಿತು. ಎಫೆಂದಿಗಳು ಎಲ್ಲರಿಗೂ ಸರಿ ಸರಿ ಎಂದರು. ಅವರ ಮುಖ ಮಾತ್ರ ಟ್ರಾಮಿನಲ್ಲಿ ಏನೋ ಮರೆತು ಇಳಿದವರದಾಗಿತ್ತು.

ಮಾರನೆಯ ದಿನ ಐದು ಗಂಟೆ. ಮೇಜು ಎಳೆದ ಸದ್ದಾಯಿತು, ಗಲ್ಲಿಯಲ್ಲಿ ನೀರಿಟ್ಟರು. ಎಫೆಂದಿಗಳು ಆ ಹಾಳೆಯನ್ನು ಮುಂದಿಟ್ಟುಕೊಂಡರು. ಮೂರನೇ ಸಾಲು, ಐದನೆಯದು. ನಿಜಕ್ಕೂ ಚೆಂದವಿತ್ತು. ತಾವು ಬರೆದದ್ದೆಂದು ನಂಬಿಕೆಯೇ ಬರಲಿಲ್ಲ. ಸ್ವಲ್ಪ ಹೊತ್ತು ನೋಡಿದರು. ನೋಡುತ್ತ ಕೂತರೆ ಮಾಡುವ ಕೆಲಸವೇ ಇರಲಿಲ್ಲ. ಹಾಳೆಯ ಕೆಳಗಡೆ ಅರ್ಧ ಬಿಳಿ ಹಾಗೇ ಉಳಿದಿತ್ತು. ಲೇಖನಿ ಅದ್ದಿ ಅಲ್ಲೊಂದು ವಾವ್ ಬರೆದರು. ತಲೆ ಉಬ್ಬಿತು. ಪಕ್ಕದಲ್ಲಿ ಇನ್ನೊಂದು. ಬಾಲ ಮುನಿಸಿಕೊಂಡಿತು. ಕೈ ನಡುಗುತ್ತಿರಲಿಲ್ಲ. ಅದು ಯಾರದೂ ಆಗಿರಲಿಲ್ಲ. ಬಿಳಿ ತುಂಬಿತು. ಸಂದಿಗಳು ತುಂಬಿದವು. ಆಮೇಲೆ ಕೈ ಮೇಲಿನ ಸಾಲುಗಳಿಗೆ ಹೋಯಿತು, ಮೂರನೆಯದಕ್ಕೂ.

ಚಹಾ ತಂದ ಇಂತಿಸಾರ್ ಬೆಚ್ಚಿಬಿದ್ದಳು. "ಅಯ್ಯೋ ಸಮೀಹಾಳ ಅಪ್ಪ! ಆ ಸರಿಯಾದ ವಾವ್ ಎಲ್ಲಿ?"

"ಇದರೊಳಗೇ ಇದೆ," ಎಂದರು ಎಫೆಂದಿಗಳು, ತಲೆಯೆತ್ತದೆ.

"ಯಾಕ್ರೀ ಹೀಗೆ ಮಾಡಿದ್ರಿ? ಇದರಿಂದ ಏನು ಬಂತು?"

"ಏನೂ ಇಲ್ಲ ಕಣೇ. ಖುಷಿಗೆ ಬರೀತೀನಿ."

ಅವಳು ಅವರ ಮುಖ ನೋಡಿದಳು, ಹಾಳೆ ನೋಡಿದಳು. ಲೋಟವನ್ನು ಮಸಿ ತಾಗದ ಕಡೆ ಇಟ್ಟಳು.

ಗುರುವಾರ ಉಸ್ತಾದ್ ಮುಖ್ತಾರ್ ಆ ಹಾಳೆಯನ್ನು ಮೂಗಿನ ಹತ್ತಿರ ಹಿಡಿದರು. ಬೆಳಕಿಗೆ ಹಿಡಿದರು. ಒಂದು ಚೂರು ಬಿಳಿಯಿಲ್ಲ. ಶಿಷ್ಯ ಕೈಕಟ್ಟಿ, ನೆಲ ನೋಡುತ್ತ, ಬೈಗುಳಕ್ಕೆ ಕಾದು ನಿಂತಿದ್ದ. ಮುದುಕರು ಕೆಂಪು ಮಸಿಯಲ್ಲಿ ಲೇಖನಿ ಅದ್ದಿದರು. ಚುಕ್ಕೆಯಿಡಲು ಜಾಗ ಹುಡುಕಿದರು, ಸಿಗಲಿಲ್ಲ. ಲೇಖನಿ ಒರೆಸಿಟ್ಟು, ಹಾಳೆಯನ್ನು ವಾಪಸು ಕೊಟ್ಟರು. ಗಡ್ಡದೊಳಗೆ ಏನೋ ಅಲುಗಿತು.

"ಇನ್ನೊಂದ್ಸಲ," ಎಂದರು.

ಎಫೆಂದಿಗಳು ಅವರ ಕೈಗೆ ಮುತ್ತಿಟ್ಟು, ಟ್ರಾಮು ಹಿಡಿಯಲು ಓಡಿದರು. ಐದಕ್ಕೆ ಇನ್ನು ಅರ್ಧ ಗಂಟೆಯಷ್ಟೇ ಉಳಿದಿತ್ತು.